ತುತ್ತಿನ ಹೊತ್ತನ್ನು ಮಕ್ಕಳಿಗೆ ಮರಳಿ ಕೊಡಿ

ಪುಟ್ಟ ಮಕ್ಕಳಿಗೆ ಊಟ ಮಾಡಿಸುವ ತಾಯಂದಿರೇ, ತಂದೆಯರೇ, ಅಜ್ಜಿ-ತಾತಂದಿರೇ, ಮನೆಮನೆಗಳಲ್ಲಿ ಮಗು ನೋಡಿಕೊಳ್ಳುವ ಅಕ್ಕಂದಿರೇ,



ಹಾಸನ ಜಿಲ್ಲೆಯ ಒಂದು ಅಂಗನವಾಡಿಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈಗ ತಾಯಂದಿರಾಗಿರುವ ಕೆಲವರಿಗೆ ಅವರು ಚಿಕ್ಕವರಿದ್ದಾಗ ನಾನೇ ಅನ್ನ ಬಡಿಸಿದ್ದೇನೆ. ಅವರ ಮಕ್ಕಳಿಗೂ ಬಡಿಸಿದ್ದೇನೆ. ಆ ಸಲಿಗೆಯಿಂದ ಒಂದು ಮಾತು ಕೇಳಿಕೊಳ್ಳಬೇಕಾಗಿದೆ. ಫೋನಿನ ವಿಚಾರ ಎಂದ ಕೂಡಲೇ ಪತ್ರ ಪಕ್ಕಕ್ಕಿಡಬೇಡಿ. ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಇಡೀ ದಿನದ ಲೆಕ್ಕವನ್ನೂ ಕೇಳುವುದಿಲ್ಲ. ಮಗುವಿನ ಊಟದ ಹೊತ್ತು, ಅದಷ್ಟನ್ನೇ ಕೇಳುತ್ತೇನೆ.

ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ, ಮೂರು ತುಂಬಿದ ಒಬ್ಬ ಹುಡುಗ ನಮ್ಮಲ್ಲಿಗೆ ಸೇರಿದ. ಮೊದಲ ದಿನ ಮಧ್ಯಾಹ್ನ ಎಲ್ಲರನ್ನೂ ಸಾಲಾಗಿ ಕೂರಿಸಿ ತಟ್ಟೆಗೆ ಅನ್ನ ಸಾರು ಹಾಕಿದೆವು. ಉಳಿದ ಮಕ್ಕಳು ಕೈ ಹಾಕಿದವು. ಇವನು ತಟ್ಟೆಯ ಆಚೆ ಏನೋ ಇರಬೇಕಿತ್ತಲ್ಲ ಎನ್ನುವ ಹಾಗೆ ನೋಡಿದ. ಆಮೇಲೆ ಅಂಗೈ ಮೇಲೆ ಮಾಡಿ ಕೈ ಚಾಚಿದ. ಅನ್ನ ಕೇಳುತ್ತಿದ್ದಾನೆ ಎಂದುಕೊಂಡು ಸಹಾಯಕಿ ಇನ್ನೊಂದು ಸೌಟು ಹಾಕಲು ಹೋದರು. ಅವನಿಗೆ ಬೇಕಾಗಿದ್ದದ್ದು ಫೋನು.

ಅಷ್ಟಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಹಾಗೆ ಕೈ ಚಾಚುವ ಮಕ್ಕಳು ಬರತೊಡಗಿ ವರ್ಷಗಳಾಗಿದ್ದವು. ನನ್ನ ನಿದ್ದೆ ಕೆಡಿಸಿದ್ದು ಮುಂದಿನ ವಾರ ನಡೆದದ್ದು. ಅವತ್ತು ಮೊಟ್ಟೆ ಕೊಡುವ ದಿನ. ಪಕ್ಕದ ಹುಡುಗಿ ಇವನ ತಟ್ಟೆಯಿಂದ ಮೊಟ್ಟೆ ಎತ್ತಿಕೊಂಡು ಕಚ್ಚಿಯೇಬಿಟ್ಟಳು. ಮೂರು ವರ್ಷದ ಮಗು ಆಗ ಏನು ಮಾಡುತ್ತದೆ ಹೇಳಿ? ಅವಳ ಕಡೆ ತಿರುಗಿ ಕಿತ್ತುಕೊಳ್ಳುತ್ತದೆ, ‘ನಂದು’ ಎಂದು ಕೂಗುತ್ತದೆ, ಕೂದಲು ಹಿಡಿದು ಎಳೆಯುತ್ತದೆ, ಇಲ್ಲವೇ ನನ್ನ ಕಡೆ ನೋಡಿ ಚಾಡಿ ಹೇಳುತ್ತದೆ. ಇವನು ಗೋಡೆ ನೋಡಿಕೊಂಡು ಅತ್ತ. ಅವಳ ಕಡೆಗಾಗಲಿ ನನ್ನ ಕಡೆಗಾಗಲಿ ತಿರುಗಲೇ ಇಲ್ಲ. ಮಕ್ಕಳ ಅಳು ಕೇಳಿಕೇಳಿ ಪಳಗಿದ ಕಿವಿ ನನ್ನದು. ಹಸಿವಿನ ಅಳು, ನಿದ್ದೆಯ ಅಳು, ಸುಳ್ಳು ಅಳು, ಎಲ್ಲದರಲ್ಲೂ ‘ಯಾರಾದರೂ ಬನ್ನಿ’ ಎಂಬ ಕರೆ ಇರುತ್ತದೆ. ಆ ಅಳುವಿನಲ್ಲಿ ಆ ಕರೆ ಇರಲಿಲ್ಲ.

ಅವನ ತಾಯಿಯನ್ನು ಕರೆದು ಮಾತಾಡಿದೆ. ಎಂಟನೇ ತಿಂಗಳಿಂದ ಫೋನಿನ ಮುಂದೆಯೇ ಊಟವಂತೆ. ಹಾಡು ಹಾಕಿಟ್ಟರೆ ಬಾಯಿ ತಾನಾಗಿ ತೆರೆಯುತ್ತದೆ, ಇಟ್ಟದ್ದನ್ನು ನುಂಗುತ್ತದೆ, ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ. ‘ನೀವೇ ಅಲ್ವಾ ಟೀಚರ್, ಮಗು ತೂಕ ಕಡಿಮೆ ಇದೆ ಅಂದಿದ್ದು?’ ಎಂದು ಆಕೆ ಕೇಳಿದರು.

ಹೌದು, ನಾನೇ ಹೇಳಿದ್ದೆ. ತಿಂಗಳಿಗೊಮ್ಮೆ ಮಗುವನ್ನು ತೂಗಿ ಚಾರ್ಟಿನಲ್ಲಿ ಚುಕ್ಕಿ ಹಾಕುವಾಗ, ಚುಕ್ಕಿ ಹಸಿರು ಪಟ್ಟಿಯಿಂದ ಹಳದಿಗೆ ಇಳಿದರೆ ತಾಯಿಯ ಎದೆ ಹೇಗೆ ಕುಸಿಯುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ‘ಚೆನ್ನಾಗಿ ತಿನ್ನಿಸಿ’ ಎಂದು ಹೇಳಿ ಕಳಿಸಿದೆ. ಹೇಗೆ ತಿನ್ನಿಸಬೇಕು ಎಂದು ಕೂತು ಹೇಳಲಿಲ್ಲ. ಆಕೆ ಬೆಳಿಗ್ಗೆ ಏಳಕ್ಕೇ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು. ಮಗುವಿನ ಜೊತೆ ಇರುವುದು ಮಂಡಿನೋವಿನ ಅತ್ತೆ. ಮನೆ ಮುಂದೆ ಜಗಲಿ ಇಲ್ಲ, ಬಾಗಿಲು ತೆರೆದರೆ ಬೈಕುಗಳು ಓಡುವ ರಸ್ತೆ. ಅಂಥ ಮನೆಗೆ ಫೋನು ಬಂದದ್ದು ಸೋಮಾರಿತನದಿಂದಲ್ಲ, ಮಗುವಿನ ಹೊಟ್ಟೆ ತುಂಬಲಿ ಎಂಬ ಕಕ್ಕುಲಾತಿಯಿಂದ. ಇದು ನನಗೆ ಗೊತ್ತಿರುವುದರಿಂದಲೇ ನಿಮ್ಮನ್ನು ದೂರಲು ನಾಲಿಗೆ ಏಳುವುದಿಲ್ಲ.

ಆದರೆ ಆ ಹತ್ತು ನಿಮಿಷದಲ್ಲಿ ಹೊಟ್ಟೆಗೆ ಏನು ಹೋಯಿತು ಎಂಬುದರ ಜೊತೆಗೆ, ಮಗುವಿನ ಕೈಯಿಂದ ಏನು ಜಾರಿಹೋಯಿತು ಎಂಬುದನ್ನೂ ನೋಡಿ ಎಂದು ಬೇಡಿಕೊಳ್ಳುತ್ತೇನೆ.

ನಿಮ್ಮ ಅಜ್ಜಿ ನಿಮಗೆ ಉಣ್ಣಿಸಿದ್ದನ್ನು ನೆನಪು ಮಾಡಿಕೊಳ್ಳಿ. ಸೊಂಟದ ಮೇಲೆ ಮಗು, ಕೈಯಲ್ಲಿ ಬಟ್ಟಲು. ‘ಅಗೋ ಕಾಗೆ’ ಎನ್ನುತ್ತಾರೆ ಅಜ್ಜಿ. ಮಗು ಕಾಗೆಯನ್ನು ನೋಡುತ್ತದೆ, ಕೂಡಲೇ ಅಜ್ಜಿಯ ಮುಖವನ್ನೂ ನೋಡುತ್ತದೆ. ಅಜ್ಜಿಯೂ ಅದನ್ನೇ ನೋಡುತ್ತಿದ್ದಾರಾ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಇಬ್ಬರೂ ಒಂದನ್ನೇ ನೋಡುತ್ತಿದ್ದೇವೆ ಎಂದು ಮಗುವಿಗೆ ತಿಳಿಯುವ ಗಳಿಗೆ ಅದು. ವರ್ಷ ತುಂಬುವ ಆಸುಪಾಸಿನಲ್ಲಿ ಮಗುವೇ ಬೆರಳು ಚಾಚಿ ಚಂದ್ರನನ್ನು ತೋರಿಸತೊಡಗುತ್ತದೆ. ಚಂದ್ರನನ್ನು ತಂದುಕೊಡಿ ಎಂದಲ್ಲ ಅದು ತೋರಿಸುವುದು. ತಾನು ಕಂಡದ್ದನ್ನು ನೀವೂ ಕಾಣಲಿ ಎಂದು. ಆ ಪುಟ್ಟ ಬೆರಳು ಮಾತಿಗಿಂತ ಮುಂಚೆ ಬರುತ್ತದೆ. ಮಾತು ಅದರ ಹಿಂದೆ ನಡೆದು ಬರುತ್ತದೆ. 31 ವರ್ಷದಲ್ಲಿ ನಾನು ತಾಯಂದಿರಿಗೆ ‘ಮಾತು ಬಂತಾ’ ಎಂದು ಕೇಳುವುದಕ್ಕಿಂತ ಮೊದಲು ‘ಬೆರಳು ಮಾಡಿ ತೋರಿಸುತ್ತಾ’ ಎಂದು ಕೇಳುತ್ತಿದ್ದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ‘ನೀನು ತಿನ್ನದಿದ್ದರೆ ಕಾಗೆಗೆ ಕೊಟ್ಟುಬಿಡ್ತೀನಿ’ ಎಂದು ಅಜ್ಜಿ ಹೆದರಿಸುತ್ತಾರೆ. ಅವರ ದನಿಯಲ್ಲಿ ಕೋಪ, ಕಣ್ಣಲ್ಲಿ ನಗು. ಇದು ನಿಜವಾದ ಕೋಪವಲ್ಲ ಎಂದು ಮಗು ಓದಿಕೊಳ್ಳುತ್ತದೆ. ಮಗು ತನ್ನ ತುತ್ತನ್ನು ಎತ್ತಿ ಅಜ್ಜಿಯ ಬಾಯಿಗೆ ಇಡುತ್ತದೆ, ಅಜ್ಜಿ ತಿಂದಂತೆ ನಟಿಸುತ್ತಾರೆ, ಮಗು ಕೇಕೆ ಹಾಕುತ್ತದೆ. ಪಕ್ಕದ ಮನೆಯವರು ‘ಏನು ಬುವ್ವ ಇವತ್ತು?’ ಎಂದು ಕೇಳುತ್ತಾರೆ. ಮಗು ನಾಚಿ ಹೆಗಲಿಗೆ ಮುಖ ಒತ್ತುತ್ತದೆ, ಮತ್ತೆ ಇಣುಕುತ್ತದೆ. ಸಾಕು ಎನಿಸಿದಾಗ ಮುಖ ಆಚೆ ತಿರುಗಿಸುತ್ತದೆ. ಅಜ್ಜಿ ಸ್ವಲ್ಪ ಕಾಯುತ್ತಾರೆ. ಕೊಡುವುದು, ಪಡೆಯುವುದು, ಕಾಯುವುದು, ಬೇಡ ಎನ್ನುವುದು, ಇನ್ನೊಬ್ಬರ ಮುಖ ನೋಡಿ ಮನಸ್ಸು ತಿಳಿಯುವುದು, ಹೊಸಬರ ಎದುರು ನಾಚಿ ಆಮೇಲೆ ಹೊಂದಿಕೊಳ್ಳುವುದು: ನಾಲ್ಕು ಜನರ ನಡುವೆ ಬಾಳಲು ಬೇಕಾದದ್ದೆಲ್ಲ ಒಂದು ಬಟ್ಟಲು ರಾಗಿ ಸರಿಯೊಳಗೆ ನಡೆದುಹೋಗುತ್ತಿತ್ತು. ಕಲಿಸುತ್ತಿದ್ದೇನೆ ಎಂದು ಆ ಅಜ್ಜಿಗೂ ಗೊತ್ತಿರಲಿಲ್ಲ.

ಫೋನಿನಲ್ಲೂ ಕಾಗೆ ಇದೆ, ಚಂದ್ರ ಇದ್ದಾನೆ, ಹಾಡಂತೂ ಬಲು ಚಂದ. ಕೆಟ್ಟದ್ದು ತೋರಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಮಗುವಿಗಾಗಿ ಕಾಯುವುದಿಲ್ಲ. ಮಗು ನಕ್ಕರೆ ನಗುವುದಿಲ್ಲ, ಬೆರಳು ತೋರಿಸಿದರೆ ಅತ್ತ ತಿರುಗಿ ನೋಡುವುದಿಲ್ಲ, ಮಗು ಮುಖ ತಿರುಗಿಸಿದರೂ ಹಾಡು ನಿಲ್ಲುವುದಿಲ್ಲ. ದಿನಕ್ಕೆ ಮೂರು ಹೊತ್ತು ಉತ್ತರ ಕೊಡದ ಒಂದನ್ನೇ ನೋಡುತ್ತ ಬೆಳೆದ ಮಗುವಿಗೆ, ಮೊಟ್ಟೆ ಕಳೆದುಕೊಂಡಾಗ ಯಾರ ಕಡೆಗೆ ತಿರುಗಬೇಕು ಎಂದು ತೋಚದೆ ಹೋದರೆ ಅದರ ತಪ್ಪೇನು?

ಇದು ಒಬ್ಬ ಅಂಗನವಾಡಿ ಟೀಚರ ಅನಿಸಿಕೆ ಮಾತ್ರವಲ್ಲ. ನನ್ನ ತಂಗಿಯ ಮಗಳು ಮೈಸೂರಿನಲ್ಲಿ ವಾಕ್ ಚಿಕಿತ್ಸೆ ಓದಿದವಳು. ನಿವೃತ್ತಿಯಾದ ಮೇಲೆ ಅವಳಿಂದ ಅನೇಕ ಸಂಗತಿ ಕೇಳಿ ತಿಳಿದೆ. 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ತಾಯಿ ಕೂಸಿನ ಜೊತೆ ನಕ್ಕು ಆಡುತ್ತಿರುತ್ತಾಳೆ. ಆಮೇಲೆ ಕೆಲವು ನಿಮಿಷ ಎದುರಿಗೇ ಕೂತು ಮುಖದಲ್ಲಿ ಯಾವ ಭಾವವನ್ನೂ ತೋರಿಸುವುದಿಲ್ಲ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ತಾಯಿಯನ್ನು ಮತ್ತೆ ಆಟಕ್ಕೆ ಎಳೆಯಲು ತನಗೆ ಗೊತ್ತಿರುವುದನ್ನೆಲ್ಲ ಮಾಡುತ್ತದೆ. ಏನೂ ಫಲಿಸದಾಗ ಮುಖ ತಿರುಗಿಸಿ ತನ್ನೊಳಗೆ ಮುದುಡಿಕೊಳ್ಳುತ್ತದೆ. ತಂಗಿಯ ಮಗಳು ಇದನ್ನು ವಿವರಿಸಿದಾಗ ನನಗೆ ಗೋಡೆ ನೋಡಿ ಅತ್ತ ಆ ಹುಡುಗನೇ ಕಣ್ಣ ಮುಂದೆ ಬಂದ.

ಇನ್ನೊಂದು ಪ್ರಯೋಗ ನಡೆದದ್ದು ಸಿಯಾಟಲ್ ನಗರದಲ್ಲಿ. ಪ್ಯಾಟ್ರಿಷಿಯಾ ಕೂಲ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಭಾಷೆಯವರು 12 ಸಲ ಕೂತು ಆಡಿದರು, ಪುಸ್ತಕ ಓದಿದರು. ಆ ಕೂಸುಗಳು ಚೀನೀ ಭಾಷೆಯ ಸೂಕ್ಷ್ಮ ಸದ್ದುಗಳನ್ನು ಗುರುತಿಸಲು ಕಲಿತವು. ಇನ್ನೊಂದು ಗುಂಪಿನ ಕೂಸುಗಳಿಗೆ ಅದೇ ಜನ, ಅದೇ ಮಾತು, ಅಷ್ಟೇ ಹೊತ್ತು ಪರದೆಯ ಮೇಲೆ ತೋರಿಸಿದರು. ಅವುಗಳಿಗೆ ಏನೂ ಹತ್ತಲಿಲ್ಲ. ‘ಮೊಬೈಲ್ ನೋಡಿ ಇಂಗ್ಲಿಷ್ ರೈಮ್ಸ್ ಕಲಿತಾನೆ ಟೀಚರ್’ ಎಂದು ಹೆಮ್ಮೆಪಡುವ ತಂದೆಯರು ಇದನ್ನು ಗಮನಿಸಬೇಕು. ಎರಡೂವರೆ ವರ್ಷಕ್ಕೆ ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರೆಲ್ಲ ಒಪ್ಪಿಸುವ, ‘ನೀರು ಬೇಕಾ’ ಎಂದು ಕೇಳಿದರೆ ‘ನೀರು ಬೇಕಾ’ ಎಂದೇ ತಿರುಗಿ ಹೇಳುವ ಮಕ್ಕಳನ್ನು ನಾನು ನೋಡಿದ್ದೇನೆ.

ಆಸ್ಟ್ರೇಲಿಯಾದಲ್ಲಿ 220 ಕುಟುಂಬಗಳ ಮಕ್ಕಳ ಅಂಗಿಯಲ್ಲಿ ಪುಟ್ಟ ಧ್ವನಿಮುದ್ರಕ ಇಟ್ಟು ಮನೆಯ ಮಾತುಕತೆ ಎಣಿಸಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಮಗುವಿನ ಪರದೆಯ ಹೊತ್ತು ಒಂದು ನಿಮಿಷ ಹೆಚ್ಚಾದಂತೆ, ಅದರ ಕಿವಿಗೆ ಬೀಳುವ ದೊಡ್ಡವರ ಮಾತು ಸರಾಸರಿ 6.6 ಪದ ಕಡಿಮೆ, ಮಗುವಿನ ಬಾಯಿಂದ ಬರುವ ಸದ್ದು-ಮಾತು 4.9 ಕಡಿಮೆ, ಒಬ್ಬರು ಹೇಳಿ ಇನ್ನೊಬ್ಬರು ಉತ್ತರಿಸುವ ಸರದಿ 1.1 ಕಡಿಮೆ. ಅದೇ ಲೆಕ್ಕ ಹಿಡಿದರೆ ಅರ್ಧ ಗಂಟೆಯ ಒಂದು ಊಟಕ್ಕೆ ಮೂವತ್ತಕ್ಕೂ ಹೆಚ್ಚು ಮಾತಿನ ಸರದಿಗಳು ಹೋದವು. ಲೆಕ್ಕ ನಮ್ಮ ಮನೆಗಳದ್ದಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಮನೆಗಳಲ್ಲಿ ಮಗುವಿನ ಜೊತೆ ಅತಿ ಹೆಚ್ಚು ಮಾತು ನಡೆಯುತ್ತಿದ್ದದ್ದೇ ಊಟದ ಹೊತ್ತಿನಲ್ಲಿ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಸೇವೆಯ ಕೊನೆಯ ವರ್ಷಗಳಲ್ಲಿ ಹಾಜರಾತಿ, ತೂಕ ಎಲ್ಲ ಫೋನಿನಲ್ಲೇ ತುಂಬುವ ಕೆಲಸ ಬಂತು. ಒಂದು ಮಧ್ಯಾಹ್ನ ಮಕ್ಕಳು ಉಣ್ಣುತ್ತಿರುವಾಗಲೇ ನಾನು ತಲೆ ತಗ್ಗಿಸಿ ತುಂಬುತ್ತಿದ್ದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಸೆರಗು ಎಳೆದು ‘ಮಿಸ್’ ಎಂದಳು. ‘ಹ್ಞೂಂ’ ಎಂದೆ. ಮತ್ತೆ ಎಳೆದಳು. ‘ಹ್ಞೂಂ ಪುಟ್ಟಿ’ ಎಂದೆ, ತಲೆ ಎತ್ತಲಿಲ್ಲ. ಮೂರನೇ ಸಲ ಗದರಿಸಿದೆ. ಆಮೇಲೆ ಸಹಾಯಕಿ ಹೇಳಿದ್ದು: ಆ ದಿನ ಮೊದಲ ಸಲ ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡಿದ್ದಳಂತೆ, ಖಾಲಿ ತಟ್ಟೆ ತೋರಿಸಲು ಬಂದಿದ್ದಳಂತೆ. ಸಂಜೆಯವರೆಗೂ ಅವಳು ನನ್ನ ಹತ್ತಿರ ಬರಲಿಲ್ಲ. ಅಮೆರಿಕದ ಬೋಸ್ಟನ್ನಿನ ತಿಂಡಿ ಹೋಟೆಲುಗಳಲ್ಲಿ ಮಕ್ಕಳೊಂದಿಗೆ ಬಂದ 55 ದೊಡ್ಡವರನ್ನು ಸಂಶೋಧಕರು ಗಮನಿಸಿ 2014ರಲ್ಲಿ ಬರೆದಿದ್ದಾರೆ; 40 ಜನ ಫೋನು ಬಳಸಿದ್ದರು, ಅದರಲ್ಲೇ ಮುಳುಗಿದವರಲ್ಲಿ ಕೆಲವರು ಮಗು ಗಮನ ಸೆಳೆದಾಗ ಸಿಡುಕಿದ್ದರು. ಅದನ್ನು ಕೇಳಿದಾಗ ನನಗೆ ಪರದೇಶದ ಕಥೆ ಅನಿಸಲಿಲ್ಲ. ಮಗುವಿನ ಕಣ್ಣ ಮುಂದಿನ ಫೋನಿನಷ್ಟೇ ನಮ್ಮ ಕೈಯ ಫೋನೂ ಮಗುವಿಗೆ ಮುಖ ಮುಚ್ಚುತ್ತದೆ.

ಒಂದು ಎಚ್ಚರಿಕೆ ಹೇಳದಿದ್ದರೆ ಈ ಪತ್ರದಿಂದ ಕೆಡುಕಾದೀತು. ಮಾತು ತಡವಾದ ಮಗುವಿನ ತಾಯಿಗೆ ‘ಎಲ್ಲ ಆ ಮೊಬೈಲ್ ಕೊಟ್ಟಿದ್ದಕ್ಕೆ’ ಎಂದು ನೆಂಟರು ಚುಚ್ಚುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಅನ್ನಬೇಡಿ. ಕಿವಿ ಕೇಳಿಸದೆ ಮಾತು ತಡವಾಗಬಹುದು. ಆಟಿಸಂ ಮಗು ಹುಟ್ಟುವ ಮೊದಲೇ ಬೇರೂರಿರುವ ಸ್ಥಿತಿ, ಫೋನಿನಿಂದ ಬರುವುದಲ್ಲ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ಮಾಡಿ ತೋರಿಸದಿದ್ದರೆ, ಎರಡು ತುಂಬಿದರೂ ಎರಡು ಪದ ಕೂಡಿಸಿ ಹೇಳದಿದ್ದರೆ, ಫೋನು ಬಿಡಿಸಿ ಆರು ತಿಂಗಳು ನೋಡೋಣ ಎಂದು ಕೂರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ವಿಭಾಗವನ್ನು ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮೂರಿನ ಇಬ್ಬರು ಮಕ್ಕಳ ತಾಯಂದಿರ ಜೊತೆ ನಾನೇ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದೇನೆ. ಬೇಗ ಹೋದಷ್ಟೂ ಮಗುವಿಗೆ ಒಳಿತು.

ಫೋನಿನ ಎಲ್ಲ ಬಳಕೆಯೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಡೆ ಸೈನ್ಯದಲ್ಲಿರುವ ತಂದೆಯರು ಅನೇಕರು. ರಜೆ ಸಿಗುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಅವರು ವಿಡಿಯೋ ಕಾಲ್ ಮಾಡಿದಾಗ ಮಗುವನ್ನು ಖಂಡಿತ ಎದುರು ಕೂರಿಸಿ. ಅಲ್ಲಿ ಮಗು ನಕ್ಕರೆ ಅಪ್ಪ ನಗುತ್ತಾನೆ, ಕೇಳಿದರೆ ಉತ್ತರ ಬರುತ್ತದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಎನ್ನುವಾಗಲೂ ನೆಂಟರ ವಿಡಿಯೋ ಕಾಲ್‌ಗೆ ವಿನಾಯಿತಿ ಕೊಟ್ಟಿದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದೂ ದೊಡ್ಡವರು ಜೊತೆಗಿದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ.

ನನ್ನ ಬೇಡಿಕೆಗಳು ಇವು.

ಮಗು ಉಣ್ಣುವಾಗ ಆ ಕೋಣೆಯಲ್ಲಿ ಫೋನು ಕಾಣಿಸದಿರಲಿ, ನಿಮ್ಮದೂ ಸೇರಿ. ಮೂರು ಹೊತ್ತೂ ಆಗದಿದ್ದರೆ ಒಂದು ಹೊತ್ತಿನಿಂದ ಶುರು ಮಾಡಿ. ಮನೆಯಲ್ಲಿ ಹೆಚ್ಚು ಜನ ಇರುವ ಹೊತ್ತನ್ನು ಆರಿಸಿಕೊಳ್ಳಿ. ಮಂಡಿನೋವಿನ ಅಜ್ಜಿ ಮಗುವನ್ನು ಎತ್ತಿಕೊಂಡು ತಿರುಗಬೇಕಿಲ್ಲ. ಕಿಟಕಿ ಪಕ್ಕ ಚಾಪೆ ಹಾಕಿ ಎದುರುಬದುರು ಕೂತರೆ ಸಾಕು. ಅಲ್ಲಿಂದಲೂ ಅಳಿಲು ಕಾಣುತ್ತದೆ, ಹಾಲಿನವರು ಹೋಗುತ್ತಾರೆ. ಏನೂ ಕಾಣದಿದ್ದರೆ ಕಾಗೆ-ಗುಬ್ಬಿಯ ಕಥೆ ಇದೆಯಲ್ಲ. ಮಗುವಿನ ಕೈಗೇ ಅನ್ನ ಕೊಡಿ. ಚೆಲ್ಲಲಿ, ಮೈಗೆ ಮೆತ್ತಿಕೊಳ್ಳಲಿ. ನೀವು ಒರೆಸುವಾಗ ನಡೆಯುವ ಜಗಳವೂ ಒಂದು ಮಾತುಕತೆಯೇ.

ಕಡಿಮೆ ತಿಂದರೆ ಹೆದರಬೇಡಿ. ಆರೋಗ್ಯವಾಗಿರುವ ಮಗು ಒಂದು ಹೊತ್ತು ಬಿಟ್ಟರೂ ಮುಂದಿನ ಹೊತ್ತಿಗೆ ಕೇಳುತ್ತದೆ. ತೂಕ ನಿಜಕ್ಕೂ ಇಳಿಯುತ್ತಿದ್ದರೆ ಅಂಗನವಾಡಿಗೆ, ವೈದ್ಯರಲ್ಲಿಗೆ ಬನ್ನಿ. ನನ್ನ ಹಾಗೆ ‘ಚೆನ್ನಾಗಿ ತಿನ್ನಿಸಿ’ ಎಂದಷ್ಟೇ ಹೇಳಿ ಕಳಿಸುವವರಿದ್ದರೆ, ಹೇಗೆ ಎಂದು ಕೂತು ಹೇಳಿಕೊಡಿ ಎಂದು ಪಟ್ಟು ಹಿಡಿಯಿರಿ.

ತಂದೆಯರೇ, ಊಟ ಮಾಡಿಸುವುದು ಹೆಂಗಸರ ಕೆಲಸ ಎಂದು ಬಿಟ್ಟುಕೊಡಬೇಡಿ. ಭಾನುವಾರ ಒಂದು ಹೊತ್ತಾದರೂ ನೀವೇ ಕೂತು ತಿನ್ನಿಸಿ. ಮಕ್ಕಳ ಶಾಲೆ, ಡೇಕೇರ್ ನಡೆಸುವವರೇ, ಊಟದ ಹೊತ್ತಿಗೆ ಟಿವಿಯಲ್ಲಿ ಹಾಡು ಹಾಕಿ ಮಕ್ಕಳನ್ನು ಸಾಲಾಗಿ ಕೂರಿಸುವುದನ್ನು ನಿಲ್ಲಿಸಿ; ಗಲಾಟೆ ಆಗಲಿ, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಲಿ. ಬೆಳಗಾವಿಯ ಗಡಿಯಾಚೆ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ ಇದೆ. ಸಂಜೆ ಏಳಕ್ಕೆ ಸೈರನ್ ಕೂಗಿದರೆ ಮನೆಮನೆಯ ಟಿವಿ, ಫೋನು ಒಂದೂವರೆ ಗಂಟೆ ಆರಿಸುವ ರೂಢಿ ಅಲ್ಲಿ 2022ರಲ್ಲಿ ಶುರುವಾಯಿತು. ಒಂದು ಊರಿಗೆ ಊರೇ ಕೂಡಿ ಮಾಡಿದ್ದನ್ನು ನಾವು ಒಂದು ಬೀದಿಯವರು, ಒಂದು ಅಪಾರ್ಟ್‌ಮೆಂಟಿನವರು ಊಟದ ಹೊತ್ತಿಗಾದರೂ ಮಾಡಲಾರೆವೇ? ಪಕ್ಕದ ಮನೆಯಲ್ಲೂ ಫೋನು ಆರಿದೆ ಎಂದು ಗೊತ್ತಾದರೆ ನಿಮ್ಮ ಮಗುವಿನ ಹಟ ತಡೆದುಕೊಳ್ಳುವ ಧೈರ್ಯ ನಿಮಗೂ ಬರುತ್ತದೆ.

ಹಟ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಾನು ಕಂಡಂತೆ ಮೊದಲ ನಾಲ್ಕೈದು ದಿನ ಕಡುಕಷ್ಟ. ಮಗು ರಚ್ಚೆ ಹಿಡಿಯುತ್ತದೆ, ತಟ್ಟೆ ಎಸೆಯುತ್ತದೆ. ಆಗ ಹೊಡೆಯಬೇಡಿ, ಸೋತು ಫೋನೂ ಕೊಡಬೇಡಿ. ಎದುರಿಗೇ ಕೂತಿರಿ. ನಿಮ್ಮ ಮುಖ ಅಲ್ಲೇ ಇದೆ ಎಂದು ಮಗುವಿಗೆ ಕಾಣುತ್ತಿರಲಿ.

ಎಷ್ಟು ದಿನ ಬೇಕು ಎಂದು ಕೇಳುತ್ತೀರಿ. ಆ ಹುಡುಗನಿಗೆ ತುಂಬಾ ದಿನ ಹಿಡಿಯಿತು. ಮನೆಯಲ್ಲಿ ಅವನ ಅಜ್ಜಿ, ಇಲ್ಲಿ ನಾನು ಮತ್ತು ಸಹಾಯಕಿ, ಮೂವರೂ ಮಾತಾಡಿಕೊಂಡೆವು. ನಾನು ದಿನವೂ ನನ್ನ ತಟ್ಟೆ ಇಟ್ಟುಕೊಂಡು ಅವನ ಎದುರೇ ಕೂತೆ. ಮೊದಲ ವಾರ ಅವನು ನನ್ನನ್ನು ದಾಟಿ ಗೋಡೆಯನ್ನೇ ನೋಡಿದ. ಆಮೇಲೆ ನನ್ನ ಕೈ ನೋಡಿದ. ಆಮೇಲೆ ಬಾಯಿ ನೋಡಿದ. ಮಾತು ಈಗಲೂ ಅವನ ಓರಗೆಯವರಷ್ಟಿಲ್ಲ, ವಾರಕ್ಕೊಮ್ಮೆ ವಾಕ್ ಚಿಕಿತ್ಸೆಗೆ ಹೋಗುತ್ತಾನೆ. ಆದರೆ ಆ ವರ್ಷ ದಸರಾ ರಜೆ ಮುಗಿದು ಬಂದ ವಾರ, ಮೊಟ್ಟೆ ಕೊಡುವ ದಿನ, ಪಕ್ಕದ ಹುಡುಗಿ ನೀರು ಕುಡಿಯಲು ಎದ್ದಾಗ ಅವಳ ತಟ್ಟೆಯಿಂದ ಮೊಟ್ಟೆ ಎತ್ತಿಕೊಂಡ. ಕಚ್ಚುವ ಮೊದಲು ತಲೆ ಎತ್ತಿ, ನಾನು ನೋಡಿದೆನಾ ಎಂದು ನನ್ನ ಮುಖ ನೋಡಿದ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಹಾಸನ ಜಿಲ್ಲೆ